ಪ್ರೆಸ್ ಬಾಕ್ಸ್‌ನ ಮತ: ಇಂಗ್ಲೆಂಡಿನ ‘ವರ್ಷದ ಫುಟ್‌ಬಾಲ್ ಆಟಗಾರ’ ಪ್ರಶಸ್ತಿ ನಡೆದು ಬಂದ ದಾರಿ

1947ರ ಸೆಪ್ಟೆಂಬರ್ 21ರಂದು ಬ್ರಸೆಲ್ಸ್‌ನಲ್ಲಿ ಇಂಗ್ಲೆಂಡ್ ತಂಡ ಬೆಲ್ಜಿಯಂ ತಂಡವನ್ನು 5–2 ಗೋಲುಗಳಿಂದ ಸೋಲಿಸಿತು. ಬಲ ಅಂಚಿನಲ್ಲಿ ಸ್ಟ್ಯಾನ್ಲಿ ಮ್ಯಾಥ್ಯೂಸ್ ಆಡಿದ ಆಟಕ್ಕೆ ಬೆಲ್ಜಿಯಂ ಡಿಫೆಂಡರ್‌ಗಳ ಬಳಿ ಉತ್ತರವಿರಲಿಲ್ಲ. ಪಂದ್ಯದ ವರದಿ ಕಳಿಸಿ, ಹಡಗಿನಲ್ಲಿ ಕಡಲ್ಗಾಲುವೆ ದಾಟಿ ಊರಿಗೆ ಮರಳುತ್ತಿದ್ದ ಕೆಲವು ಪತ್ರಕರ್ತರು ದಾರಿಯುದ್ದಕ್ಕೂ ಮಾತಾಡಿ, ಫುಟ್‌ಬಾಲ್ ಬಗ್ಗೆ ಬರೆಯುವವರಿಗೇ ಒಂದು ಸಂಘ ಬೇಕು ಎಂಬ ತೀರ್ಮಾನಕ್ಕೆ ಬಂದರು. ಫುಟ್‌ಬಾಲ್ ರೈಟರ್ಸ್ ಅಸೋಸಿಯೇಷನ್ ಹುಟ್ಟಿದ್ದು ಹಾಗೆ. ಮರುವರ್ಷವೇ ಅದು ಕೊಟ್ಟ ಮೊದಲ ‘ವರ್ಷದ ಆಟಗಾರ’ ಪ್ರಶಸ್ತಿ ಅದೇ ಮ್ಯಾಥ್ಯೂಸ್ ಕೈ ಸೇರಿತು. ಒಂದು ದೇಶದ ಫುಟ್‌ಬಾಲ್‌ನಲ್ಲಿ ವರ್ಷಕ್ಕೊಬ್ಬ ಶ್ರೇಷ್ಠ ಆಟಗಾರನನ್ನು ಗುರುತಿಸುವ ಪ್ರಶಸ್ತಿಗಳಲ್ಲಿ ಇದು ತೀರಾ ಹಳೆಯದು. ಅಂದಿನಿಂದ ಇಂದಿನವರೆಗೆ ಒಂದು ವರ್ಷವೂ ತಪ್ಪಿಲ್ಲ.

ಪ್ರಶಸ್ತಿಯ ಯೋಚನೆ ಚಾರ್ಲ್ಸ್ ಬಕನ್ ಅವರದು. ‘ನ್ಯೂಸ್ ಕ್ರಾನಿಕಲ್’ ಪತ್ರಿಕೆಗೆ ಬರೆಯುತ್ತಿದ್ದ ಬಕನ್, ಬರೆಯುವುದಕ್ಕೆ ಮುಂಚೆ ಆಡಿದವರು. ಸಂಡರ್‌ಲ್ಯಾಂಡ್‌ನಲ್ಲಿ ಹೆಸರು ಮಾಡಿದ್ದ ಅವರನ್ನು 1925ರಲ್ಲಿ ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಆರ್ಸೆನಲ್‌ಗೆ ಕರೆತಂದಾಗ ಆದ ಒಪ್ಪಂದವೇ ವಿಶೇಷವಾಗಿತ್ತು: ಮುಂಗಡವಾಗಿ 2,000 ಪೌಂಡ್, ಮೊದಲ ಋತುವಿನಲ್ಲಿ ಹೊಡೆಯುವ ಪ್ರತಿ ಗೋಲಿಗೆ ಇನ್ನು 100 ಪೌಂಡ್. ಬಕನ್ 21 ಗೋಲು ಹೊಡೆದರು. ಆರ್ಸೆನಲ್ ಒಟ್ಟು 4,100 ಪೌಂಡ್ ತೆರಬೇಕಾಯಿತು. ಹೀಗೆ ಪ್ರತಿ ಗೋಲಿಗೂ ಬೆಲೆ ಕಟ್ಟಿಸಿಕೊಂಡಿದ್ದ ಮನುಷ್ಯ, ಪ್ರಶಸ್ತಿಯ ಅಳತೆಗೋಲು ಸೂಚಿಸುವಾಗ ಗೋಲಿನ ಲೆಕ್ಕವನ್ನು ತರಲಿಲ್ಲ. ನುಡಿಯಲ್ಲೂ ನಡೆಯಲ್ಲೂ ಮಾದರಿ ಎನಿಸಿದ ಆಟಗಾರನಿಗೆ ಇದು ಸಲ್ಲಬೇಕು ಎಂಬುದು ಅವರು ಮುಂದಿಟ್ಟ ಮಾತು. ಮತ ಹಾಕುವವರು ಸಂಘದ ಸದಸ್ಯರು. ಅಂದರೆ ಚಳಿ ಮಳೆ ಎನ್ನದೆ ವಾರವಾರವೂ ಪ್ರೆಸ್ ಬಾಕ್ಸ್‌ನಲ್ಲಿ ಕೂತು ಆಟ ನೋಡುವವರು. ಗೆದ್ದವನಿಗೆ ಸಿಗುವುದು ಆಟಗಾರನ ಒಂದು ಸಣ್ಣ ಪ್ರತಿಮೆ.

ಆ ಪ್ರತಿಮೆಯನ್ನು ಎಫ್‌ಎ ಕಪ್ ಫೈನಲ್‌ಗೆ ಮುಂಚಿನ ಗುರುವಾರ ಲಂಡನ್ನಿನಲ್ಲಿ ನಡೆಯುತ್ತಿದ್ದ ಔತಣಕೂಟದಲ್ಲಿ ಕೊಡುವುದು ಬಹುಕಾಲ ರೂಢಿಯಾಗಿತ್ತು. ಗುರುವಾರ ಗೌರವ, ಶನಿವಾರ ವೆಂಬ್ಲಿಯ ಹುಲ್ಲು. ಎಷ್ಟೋ ಸಲ ಗೌರವ ಪಡೆದವನೇ ಫೈನಲ್ ಆಡಬೇಕಿತ್ತು, ಮತ್ತು ಎಷ್ಟೋ ಸಲ ಸೋತು ಬಂದ. 1948ರಲ್ಲಿ ಮ್ಯಾಥ್ಯೂಸ್ ಇದ್ದ ಬ್ಲ್ಯಾಕ್‌ಪೂಲ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ 4–2ರಿಂದ ಮಣಿಯಿತು. 1951ರಲ್ಲಿ ಹ್ಯಾರಿ ಜಾನ್‌ಸ್ಟನ್, 1953ರಲ್ಲಿ ಬೋಲ್ಟನ್‌ನ ನ್ಯಾಟ್ ಲಾಫ್ಟ್‌ಹೌಸ್, 1954ರಲ್ಲಿ ಪ್ರೆಸ್ಟನ್‌ನ ಟಾಮ್ ಫಿನ್ನಿ, 1955ರಲ್ಲಿ ಮ್ಯಾಂಚೆಸ್ಟರ್ ಸಿಟಿಯ ಡಾನ್ ರೆವಿ, ಎಲ್ಲರದೂ ಇದೇ ಕಥೆ. ಲಾಫ್ಟ್‌ಹೌಸ್ ಫೈನಲ್‌ನಲ್ಲಿ ಗೋಲು ಹೊಡೆದರೂ ಆ ಪಂದ್ಯ ಇತಿಹಾಸದಲ್ಲಿ ಉಳಿದದ್ದು ‘ಮ್ಯಾಥ್ಯೂಸ್ ಫೈನಲ್’ ಎಂದು. ಬ್ಲ್ಯಾಕ್‌ಪೂಲ್ ಹಿನ್ನಡೆಯಿಂದ ಎದ್ದುಬಂದು 4–3ರಿಂದ ಗೆದ್ದಿತ್ತು. ಕಪ್ ಎತ್ತಿದವನಿಗೇ ಹಾರ ಹಾಕುವುದು ಸುಲಭ. ಕಪ್ಪಿಗೆ ಮುಂಚೆಯೇ, ಇಡೀ ವರ್ಷದ ಆಟ ನೋಡಿ ಮತ ಹಾಕಿಬಿಡುವ ಈ ಪದ್ಧತಿ ಪ್ರಶಸ್ತಿಗೆ ಒಂದು ಸ್ವತಂತ್ರ ಬುದ್ಧಿ ಕೊಟ್ಟಿತು.

ಮೊದಲ ವರ್ಷಗಳ ಪಟ್ಟಿ ನೋಡಿದರೆ ಬರಹಗಾರರ ಮನಸ್ಸು ನಾಯಕರ ಕಡೆಗೆ, ಮಾಗಿದ ವಯಸ್ಸಿನವರ ಕಡೆಗೆ ವಾಲುತ್ತಿದ್ದುದು ಕಾಣುತ್ತದೆ. 1949ರ ಜಾನಿ ಕ್ಯಾರಿ ಡಬ್ಲಿನ್‌ನವರು, ಮ್ಯಾಂಚೆಸ್ಟರ್ ಯುನೈಟೆಡ್‌ನ ನಾಯಕ, ಮೈದಾನದ ಬಹುತೇಕ ಎಲ್ಲ ಜಾಗಗಳಲ್ಲೂ ಆಡಿದವರು. 1950ರ ಜೋ ಮರ್ಸರ್ ಆರ್ಸೆನಲ್ ನಾಯಕರಾಗಿದ್ದರೂ ಲಂಡನ್ನಿನಲ್ಲಿ ಮನೆ ಮಾಡಿರಲಿಲ್ಲ. ಲಿವರ್‌ಪೂಲ್ ಹತ್ತಿರದ ವಾಲಸಿಯಲ್ಲಿ ಅವರದೊಂದು ದಿನಸಿ ಅಂಗಡಿಯಿತ್ತು. ಅಭ್ಯಾಸಕ್ಕೆ ಲಿವರ್‌ಪೂಲ್ ಕ್ಲಬ್ಬಿನ ಮೈದಾನಕ್ಕೇ ಹೋಗುತ್ತಿದ್ದರು. ಆ ವರ್ಷದ ಫೈನಲ್‌ನಲ್ಲಿ ಆರ್ಸೆನಲ್ ಎದುರಾದದ್ದೂ ಲಿವರ್‌ಪೂಲ್‌ಗೇ. 35ರ ಮರ್ಸರ್ 2–0ರಿಂದ ಗೆದ್ದು ಕಪ್ ಎತ್ತಿದರು.

ನಾಯಕನೊಬ್ಬ ದಿನಸಿ ಅಂಗಡಿ ಇಡಬೇಕಾದದ್ದು ಆ ಕಾಲದ ಲೆಕ್ಕಾಚಾರ. ಪ್ರಶಸ್ತಿ ಶುರುವಾದಾಗ ಇಂಗ್ಲೆಂಡಿನ ವೃತ್ತಿಪರ ಆಟಗಾರನ ವಾರದ ಸಂಬಳಕ್ಕೆ ಮಿತಿಯಿತ್ತು: ಋತುವಿನಲ್ಲಿ 12 ಪೌಂಡ್, ಬೇಸಿಗೆಯಲ್ಲಿ 10. ಮೈದಾನಗಳೋ ತುಂಬಿ ತುಳುಕುತ್ತಿದ್ದವು. 1948–49ರ ಒಂದೇ ಋತುವಿನಲ್ಲಿ ಲೀಗ್ ಪಂದ್ಯಗಳಿಗೆ ನಾಲ್ಕು ಕೋಟಿಗೂ ಹೆಚ್ಚು ಜನ ಬಂದರು. ಆ ಹಣ ಆಟಗಾರರ ಜೇಬಿಗೆ ಬರಲಿಲ್ಲ. ಟಾಮ್ ಫಿನ್ನಿ ಕೊಳಾಯಿ ಕೆಲಸ ಕಲಿತು ಅದನ್ನು ಕೊನೆಯವರೆಗೂ ಬಿಡಲಿಲ್ಲ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ ಅವರಿಗೆ 10,000 ಪೌಂಡ್ ಕೊಡಲು ಮುಂದೆ ಬಂದಾಗ ಪ್ರೆಸ್ಟನ್ ಅವರನ್ನು ಬಿಟ್ಟುಕೊಡಲಿಲ್ಲ. ಅವರು ಅಲ್ಲೇ ಉಳಿದು ಅಲ್ಲೇ ನಿವೃತ್ತರಾದರು. 1954ರಲ್ಲೊಮ್ಮೆ, 1957ರಲ್ಲಿ ಇನ್ನೊಮ್ಮೆ ಪ್ರಶಸ್ತಿ ಪಡೆದು, ಎರಡು ಸಲ ಗೆದ್ದ ಮೊದಲಿಗರಾದರು. ಸಂಬಳದ ಮಿತಿ 1961ರಲ್ಲಿ ರದ್ದಾಗುವವರೆಗೆ, ಇಂಥ ಮನುಷ್ಯನಿಗೆ ಸಾರ್ವಜನಿಕವಾಗಿ ಸಿಗಬಹುದಾಗಿದ್ದ ದೊಡ್ಡ ಮನ್ನಣೆಗಳಲ್ಲಿ ಆ ಗುರುವಾರದ ಊಟ ಒಂದು.

ಈ ಪ್ರಶಸ್ತಿಯ ಇತಿಹಾಸದಲ್ಲಿ ಒಂದೇ ಒಂದು ವರ್ಷವನ್ನು ಆರಿಸಿ ಹೇಳಬೇಕಾದರೆ ಅದು 1956.

ಬರ್ಟ್ ಟ್ರೌಟ್‌ಮನ್ ಹುಟ್ಟಿದ್ದು 1923ರಲ್ಲಿ, ಜರ್ಮನಿಯ ಬ್ರೆಮೆನ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಪ್ಯಾರಾಟ್ರೂಪರ್ ಆಗಿ ಪೂರ್ವ ರಣರಂಗದಲ್ಲಿ ಕಾದಾಡಿ, ಐರನ್ ಕ್ರಾಸ್ ಪದಕ ಪಡೆದು, ಕೊನೆಗೆ ಸೆರೆಯಾಗಿ ಇಂಗ್ಲೆಂಡಿನ ಲ್ಯಾಂಕಶೈರ್‌ನ ಯುದ್ಧಕೈದಿಗಳ ಶಿಬಿರ ಸೇರಿದ. ಗೋಲ್‌ಕೀಪಿಂಗ್ ಹಿಡಿದದ್ದು ಆ ಶಿಬಿರದಲ್ಲಿ. ಬಿಡುಗಡೆಯಾದಾಗ ಊರಿಗೆ ಹೋಗದೆ ಅಲ್ಲೇ ನಿಂತು ಸೇಂಟ್ ಹೆಲೆನ್ಸ್ ಟೌನ್ ಪರ ಆಡಿದ. 1949ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಅವನನ್ನು ಸೇರಿಸಿಕೊಂಡಿತು. ಬಾಂಬ್ ದಾಳಿ ಕಂಡಿದ್ದ ಊರು ಅದು. ಯಹೂದಿ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿದ್ದ ಊರು. ಸಾವಿರಾರು ಜನ ಬೀದಿಗಿಳಿದು ಪ್ರತಿಭಟಿಸಿದರು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದು ಮ್ಯಾಂಚೆಸ್ಟರ್‌ನಲ್ಲಿ ನೆಲೆಸಿದ್ದ ರಬ್ಬಿ ಅಲೆಕ್ಸಾಂಡರ್ ಆಲ್ಟ್‌ಮನ್ ಆಗ ಬಹಿರಂಗ ಪತ್ರ ಬರೆದು, ಒಂದು ದೇಶದ ಪಾಪಕ್ಕೆ ಒಬ್ಬ ವ್ಯಕ್ತಿಯನ್ನು ದಂಡಿಸಬಾರದು ಎಂಬ ನಿಲುವು ತಳೆದರು. ಬಿಗುವು ಸಡಿಲಗೊಳ್ಳಲು ಆ ಪತ್ರದಿಂದ ದಾರಿಯಾಯಿತು.

1950ರ ಜನವರಿಯಲ್ಲಿ ಟ್ರೌಟ್‌ಮನ್ ಮೊದಲ ಸಲ ಲಂಡನ್ನಿನಲ್ಲಿ, ಫುಲಮ್ ವಿರುದ್ಧ ಆಡಿದ. ದೊಡ್ಡ ಪತ್ರಿಕೆಗಳ ಬರಹಗಾರರೆಲ್ಲ ಇದ್ದರು. ಜನ ಬೈದರು. ಸಿಟಿ ಒಂದು ಗೋಲಿನಿಂದ ಸೋತರೂ, ಇನ್ನೆಷ್ಟೋ ಗೋಲು ಆಗಬೇಕಿದ್ದುದನ್ನು ಅವನೊಬ್ಬನೇ ತಡೆದಿದ್ದ. ಆಟ ಮುಗಿದಾಗ ಅದೇ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎರಡೂ ತಂಡಗಳ ಆಟಗಾರರು ಸಾಲಾಗಿ ನಿಂತು ಅವನನ್ನು ಒಳಗೆ ಕಳಿಸಿದರು. ಆರು ವರ್ಷಗಳ ಬಳಿಕ ಆ ಪ್ರೆಸ್ ಬಾಕ್ಸ್‌ನ ಮಂದಿ ಅವನನ್ನೇ ವರ್ಷದ ಆಟಗಾರನೆಂದು ಆರಿಸಿದರು. ಬ್ರಿಟನ್ ಮತ್ತು ಐರ್ಲೆಂಡಿನ ಹೊರಗೆ ಹುಟ್ಟಿದವನೊಬ್ಬ, ಹಾಗೆಯೇ ಗೋಲ್‌ಕೀಪರ್ ಒಬ್ಬ, ಈ ಪ್ರಶಸ್ತಿ ಪಡೆದದ್ದು ಅದೇ ಮೊದಲು. ಯುದ್ಧ ಮುಗಿದು ಇನ್ನೂ ಹನ್ನೊಂದು ವರ್ಷ. ಮತ ಹಾಕಿದವರಲ್ಲಿ ಎಷ್ಟು ಜನ ಸೈನ್ಯದ ಸಮವಸ್ತ್ರ ಕಳಚಿ ಪತ್ರಿಕೆಗೆ ಮರಳಿದ್ದವರಿರಬಹುದು ಎಂದು ಯೋಚಿಸಿದರೆ ಆ ತೀರ್ಪಿನ ತೂಕ ತಿಳಿಯುತ್ತದೆ.

ಪ್ರತಿಮೆ ಕೈಗೆ ಬಂದು ಎರಡೇ ದಿನ. ಮೇ 5ರ ಶನಿವಾರ ವೆಂಬ್ಲಿಯಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿ ವಿರುದ್ಧ ಫೈನಲ್. ಆಟ ಮುಗಿಯಲು ಇನ್ನು ಹದಿನೇಳು ನಿಮಿಷ ಇದ್ದಾಗ, ಚೆಂಡಿನ ಹಿಂದೆ ನುಗ್ಗಿ ಬಂದ ಪೀಟರ್ ಮರ್ಫಿಯ ಕಾಲಡಿಗೆ ಟ್ರೌಟ್‌ಮನ್ ಹಾರಿಬಿದ್ದ. ಮರ್ಫಿಯ ಮಂಡಿ ಅವನ ಕತ್ತಿಗೆ ಬಡಿಯಿತು. ಬದಲಿ ಆಟಗಾರರನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಕಣ್ಣು ಮಂಜಾಗಿ, ತೂರಾಡುತ್ತ, ಅವನು ಕಂಬಗಳ ನಡುವೆ ನಿಂತೇ ಇದ್ದ. ಮತ್ತೂ ಚೆಂಡು ತಡೆದ. ಸಿಟಿ 3–1ರಿಂದ ಗೆದ್ದಿತು. ಕತ್ತು ಸೊಟ್ಟ ಮಾಡಿಕೊಂಡೇ ಪದಕ ಪಡೆದ ಅವನಿಗೆ ಕತ್ತಿನ ಮೂಳೆ ಮುರಿದಿದೆ ಎಂದು ತಿಳಿದದ್ದು ಕೆಲವು ದಿನ ಕಳೆದು ಎಕ್ಸ್‌ರೇ ತೆಗೆದಾಗ. ಆ ಫೈನಲ್ ಆದಮೇಲೆ ಮತ ಕೇಳಿದ್ದರೆ ಯಾರಾದರೂ ಅವನಿಗೇ ಹಾಕುತ್ತಿದ್ದರು. ಪತ್ರಕರ್ತರು ಅದಕ್ಕೂ ಮುಂಚೆ ಹಾಕಿದ್ದರು.

1958ರ ಫೆಬ್ರವರಿ 6ರಂದು ಮ್ಯೂನಿಕ್ ವಿಮಾನ ದುರಂತ ಸಂಭವಿಸಿತು. ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಬೆಲ್‌ಗ್ರೇಡ್‌ನಲ್ಲಿ ಪಂದ್ಯ ಮುಗಿಸಿ ಮರಳುತ್ತಿತ್ತು. ಸತ್ತ 23 ಮಂದಿಯಲ್ಲಿ ಎಂಟು ಜನ ಆಟಗಾರರು ಎಂಬುದು ಎಲ್ಲರಿಗೂ ಗೊತ್ತು. ಎಂಟು ಜನ ಪತ್ರಕರ್ತರೂ ಇದ್ದರು ಎಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. ಆಲ್ಫ್ ಕ್ಲಾರ್ಕ್, ಡಾನಿ ಡೇವಿಸ್, ಜಾರ್ಜ್ ಫಾಲೋಸ್, ಟಾಮ್ ಜಾಕ್ಸನ್, ಆರ್ಚಿ ಲೆಡ್‌ಬ್ರೂಕ್, ಹೆನ್ರಿ ರೋಸ್, ಎರಿಕ್ ಥಾಂಪ್ಸನ್, ಮತ್ತು ಫ್ರಾಂಕ್ ಸ್ವಿಫ್ಟ್. ಈ ಸ್ವಿಫ್ಟ್ ಹಿಂದೆ ಇಂಗ್ಲೆಂಡಿನ ಗೋಲ್‌ಕೀಪರ್. ಮ್ಯಾಂಚೆಸ್ಟರ್ ಸಿಟಿಯಲ್ಲಿ ಅವರು ತೆರವು ಮಾಡಿದ ಜಾಗಕ್ಕೇ ಟ್ರೌಟ್‌ಮನ್ ಬಂದದ್ದು. ‘ನ್ಯೂಸ್ ಕ್ರಾನಿಕಲ್’ನ ಫ್ರಾಂಕ್ ಟೇಲರ್ ತೀವ್ರ ಗಾಯಗಳೊಂದಿಗೆ ಬದುಕಿ ಉಳಿದರು. ಪತ್ರಕರ್ತರು ಆಟಗಾರರ ಜೊತೆ ಒಂದೇ ವಿಮಾನದಲ್ಲಿ ಹೋಗಿ ಬರುತ್ತಿದ್ದ ಕಾಲ ಅದು. ಮತದಾರರೂ ಮತ ಪಡೆಯುವವರೂ ಎಷ್ಟು ಹತ್ತಿರದಲ್ಲಿ ಬದುಕುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ದುಃಖದ ಸಾಕ್ಷಿ ಇಲ್ಲ. ಆ ವಿಮಾನದಿಂದ ಬದುಕಿ ಬಂದ ಬಾಬಿ ಚಾರ್ಲ್ಟನ್ 1966ರಲ್ಲಿ ಪ್ರಶಸ್ತಿ ಪಡೆದರು. ಮರುವರ್ಷ ಅದು ಅವರ ಅಣ್ಣ ಜ್ಯಾಕ್ ಪಾಲಾಯಿತು. ಅದೇ ದುರಂತಕ್ಕೆ ತುತ್ತಾಗಿ 21ನೇ ವಯಸ್ಸಿಗೆ ತೀರಿಕೊಂಡ ಡಂಕನ್ ಎಡ್ವರ್ಡ್ಸ್ ಹೆಸರು ಪಟ್ಟಿಯಲ್ಲಿ ಇಲ್ಲ.

ಕೀರ್ತಿ ತಾನಾಗಿ ಹುಡುಕಿಕೊಂಡು ಬರದವರನ್ನು ಬರಹಗಾರರು ಹುಡುಕಿಕೊಂಡು ಹೋದ ವರ್ಷಗಳು ಈ ಪ್ರಶಸ್ತಿಯ ಅತ್ಯುತ್ತಮ ವರ್ಷಗಳು. 1959ರಲ್ಲಿ ಲ್ಯೂಟನ್ ಟೌನ್‌ನ ನಾಯಕ ಸಿಡ್ ಓವನ್ ಆಯ್ಕೆಯಾದರು. 35 ದಾಟಿದ್ದ ಆ ಡಿಫೆಂಡರ್‌ಗೆ ಫೈನಲ್ ಪಂದ್ಯವೇ ಕೊನೆಯ ಪಂದ್ಯ. 1963ರಲ್ಲಿ ಪ್ರತಿಮೆ ಮತ್ತೆ ಮ್ಯಾಥ್ಯೂಸ್ ಮನೆಗೆ ಹೋಯಿತು, ಮೊದಲ ಸಲ ಹೋಗಿ ಹದಿನೈದು ವರ್ಷಗಳ ಮೇಲೆ. ಆಗ ಅವರಿಗೆ 48. ಹುಟ್ಟೂರಿನ ಸ್ಟೋಕ್ ಸಿಟಿಗೆ ಮರಳಿ, ಎರಡನೇ ಡಿವಿಷನ್‌ನಿಂದ ಅದನ್ನು ಮೇಲಕ್ಕೆ ತಂದಿದ್ದರು. 50 ತುಂಬಿದ ಮೇಲೂ, 1965ರ ಫೆಬ್ರವರಿಯಲ್ಲಿ, ಒಂದು ಲೀಗ್ ಪಂದ್ಯ ಆಡಿಯೇ ಬೂಟು ಕಳಚಿದರು.

1969ರಲ್ಲಿ ಮತಗಳು ಸಮವಾದವು. ಜಂಟಿಯಾಗಿ ಪ್ರಶಸ್ತಿ ಕೊಟ್ಟದ್ದು ಅದೊಂದೇ ಸಲ. ಒಬ್ಬರು ಡೇವ್ ಮೆಕೇ: ಟಾಟನ್‌ಹ್ಯಾಮ್‌ನಲ್ಲಿದ್ದಾಗ ಒಂದೇ ಕಾಲು ಎರಡು ಸಲ ಮುರಿದಿತ್ತು, ಆಟ ಮುಗಿಯಿತೆಂದು ಜನ ಅಂದುಕೊಂಡಿದ್ದರು, ಮ್ಯಾನೇಜರ್ ಬ್ರಯನ್ ಕ್ಲಫ್ ಕರೆದಾಗ ಡರ್ಬಿ ಕೌಂಟಿಗೆ ಹೋಗಿ ಅದನ್ನು ಮೊದಲ ಡಿವಿಷನ್‌ಗೆ ಏರಿಸಿದರು. ಇನ್ನೊಬ್ಬರು ಟೋನಿ ಬುಕ್. ಇಟ್ಟಿಗೆ ಕಟ್ಟುವ ಗಾರೆ ಕೆಲಸಗಾರ. ಬಾತ್ ಸಿಟಿ ಎಂಬ ಲೀಗ್ ಹೊರಗಿನ ಕ್ಲಬ್ಬಿನಲ್ಲಿ ಬಿಡುವಿನ ಆಟ. ಅವರು ಲೀಗ್ ಫುಟ್‌ಬಾಲ್‌ಗೆ ಕಾಲಿಟ್ಟಾಗ ಮೂವತ್ತರ ಆಸುಪಾಸು. ವಯಸ್ಸು ಹೆಚ್ಚಾಯಿತೆಂದು ಕ್ಲಬ್ ಹಿಂಜರಿಯದಿರಲಿ ಎಂದು ಜನನ ಪ್ರಮಾಣಪತ್ರದಲ್ಲಿ ವರ್ಷ ತಿದ್ದುವಂತೆ ಮ್ಯಾನೇಜರ್ ಮಾಲ್ಕಮ್ ಆಲಿಸನ್ ಅವರನ್ನು ಒಪ್ಪಿಸಿದ್ದ ಕಥೆ ಪ್ರಸಿದ್ಧ. 1966ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿ, ಎರಡೇ ವರ್ಷದಲ್ಲಿ ಲೀಗ್, ಮೂರನೇ ವರ್ಷದಲ್ಲಿ ಎಫ್‌ಎ ಕಪ್ ಗೆದ್ದ ನಾಯಕರಾದರು. ಮುರಿದ ಕಾಲಿನವರು ಒಬ್ಬರು, ತಡವಾಗಿ ಬಂದವರು ಇನ್ನೊಬ್ಬರು. ಹಿಂದಿನ ವರ್ಷವಷ್ಟೇ 22ರ ಹೊಸ್ತಿಲಲ್ಲಿದ್ದ ಜಾರ್ಜ್ ಬೆಸ್ಟ್‌ಗೆ ಮತ ಹಾಕಿದ್ದ ಜನ ಇವರು ಎಂಬುದನ್ನೂ ಮರೆಯಬಾರದು.

1974ರಲ್ಲಿ ಆಟಗಾರರ ಸಂಘವೂ ತನ್ನದೇ ಪ್ರಶಸ್ತಿ ಆರಂಭಿಸಿತು. ಅಲ್ಲಿ ಆಟಗಾರರೇ ಆಟಗಾರರಿಗೆ ಮತ ಹಾಕುತ್ತಾರೆ. ಮೊದಲ ವರ್ಷವೇ ತೀರ್ಪು ಬೇರೆಯಾಯಿತು: ಆಟಗಾರರು ಲೀಡ್ಸ್‌ನ ನಾರ್ಮನ್ ಹಂಟರ್ ಅವರನ್ನು ಆರಿಸಿದರೆ, ಬರಹಗಾರರು ಲಿವರ್‌ಪೂಲ್‌ನ ಇಯನ್ ಕ್ಯಾಲಹನ್ ಅವರನ್ನು. ಎರಡೂ ಒಬ್ಬರಿಗೇ ಸಿಕ್ಕ ಮೊದಲ ವರ್ಷ 1980. ಅವರು ಟೆರ್ರಿ ಮೆಕ್‌ಡರ್ಮಟ್. ಎರಡು ಪ್ರಶಸ್ತಿಗಳಲ್ಲಿ ಯಾವುದು ದೊಡ್ಡದು ಎಂಬ ವಾದ ಇಂದಿಗೂ ನಡೆದಿದೆ. ಎದುರಾಳಿಯ ಮೊಣಕೈ ತಿಂದವನಿಗೆ ಗೊತ್ತಾಗುವ ಆಟ ಒಂದು, ವರ್ಷವಿಡೀ ಮೇಲಿನಿಂದ ಇಪ್ಪತ್ತೆರಡೂ ಜನರನ್ನು ನೋಡುವವನಿಗೆ ಕಾಣುವ ಆಟ ಇನ್ನೊಂದು. ಭಾರತದಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೊಡುವ ವರ್ಷದ ಆಟಗಾರ ಪ್ರಶಸ್ತಿಗೆ ಕ್ಲಬ್ ಕೋಚ್‌ಗಳ ಮತ ಪಡೆಯುವ ಪದ್ಧತಿಯಿದೆ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಏಳು ಸಲ ಗೆದ್ದದ್ದು ಆ ಪ್ರಶಸ್ತಿ. ಮತದ ಹಕ್ಕು ಯಾರ ಕೈಲಿದೆ ಎಂಬುದರ ಮೇಲೆ ಪ್ರಶಸ್ತಿಯ ಗುಣ ನಿಂತಿರುತ್ತದೆ.

ಮೇಲಿನಿಂದ ನೋಡುವ ಕಣ್ಣಿಗೂ ಮಿತಿಗಳಿವೆ. ಪಟ್ಟಿಯೇ ಅದನ್ನು ಹೇಳುತ್ತದೆ. ಟ್ರೌಟ್‌ಮನ್ ನಂತರ ಗೋಲ್‌ಕೀಪರ್‌ಗಳಲ್ಲಿ ಗೆದ್ದವರು ಮೂವರೇ: 1972ರಲ್ಲಿ ಗಾರ್ಡನ್ ಬ್ಯಾಂಕ್ಸ್, 1973ರಲ್ಲಿ ಪ್ಯಾಟ್ ಜೆನಿಂಗ್ಸ್, 1985ರಲ್ಲಿ ನೆವಿಲ್ ಸೌಥಾಲ್. ಆಮೇಲೆ ಒಬ್ಬರೂ ಇಲ್ಲ. ಮ್ಯಾಂಚೆಸ್ಟರ್ ಯುನೈಟೆಡ್‌ನ ಪೀಟರ್ ಸ್ಮೈಕಲ್‌ ಕೂಡ ಇಲ್ಲ. ಡಿಫೆಂಡರ್‌ಗಳದೂ ಇದೇ ಪಾಡು. 1989ರ ಸ್ಟೀವ್ ನಿಕಲ್ ನಂತರ ಇನ್ನೊಬ್ಬ ಡಿಫೆಂಡರ್ ಹೆಸರು ಬರಲು 2021ರ ರೂಬೆನ್ ಡಿಯಾಸ್‌ವರೆಗೆ ಕಾಯಬೇಕಾಯಿತು. ಗೋಲು ಹೊಡೆಯುವುದರಲ್ಲಿ ಆ ತಲೆಮಾರಿನಲ್ಲೇ ಸಾಟಿಯಿಲ್ಲದ ಜಿಮ್ಮಿ ಗ್ರೀವ್ಸ್, ಯುರೋಪಿನ ಶ್ರೇಷ್ಠ ಆಟಗಾರನೆಂದು 1964ರಲ್ಲಿ ಬ್ಯಾಲನ್ ಡಿ’ಓರ್ ಪಡೆದ ಡೆನಿಸ್ ಲಾ, ಈ ಕಾಲದ ಕೆವಿನ್ ಡಿ ಬ್ರುಯ್ನಾ, ಇವರಾರಿಗೂ ಇದು ಸಿಗಲಿಲ್ಲ. ಗ್ರೀವ್ಸ್ ಇಲ್ಲದ ಪಟ್ಟಿಯನ್ನು ಸಮರ್ಥಿಸುವುದು ಯಾರಿಗೂ ಕಷ್ಟ.

ಬಣ್ಣದ ವಿಷಯದಲ್ಲಿ ಪಟ್ಟಿ ನಲವತ್ತು ವರ್ಷ ತಡಮಾಡಿತು. ಕಪ್ಪುವರ್ಣದ ಆಟಗಾರನೊಬ್ಬ ಮೊದಲ ಸಲ ಗೆದ್ದದ್ದು 1988ರಲ್ಲಿ. ಜಮೈಕಾದಲ್ಲಿ ಹುಟ್ಟಿದ ಜಾನ್ ಬಾರ್ನ್ಸ್ ಹಿಂದಿನ ಬೇಸಿಗೆಯಲ್ಲಷ್ಟೇ ಲಿವರ್‌ಪೂಲ್ ಸೇರಿದ್ದರು. ಎವರ್ಟನ್ ಮೈದಾನದಲ್ಲಿ ಅವರತ್ತ ಬಾಳೆಹಣ್ಣು ಎಸೆದರು. ಬಾರ್ನ್ಸ್ ಅದನ್ನು ಹಿಮ್ಮಡಿಯಿಂದ ಒದ್ದು ಗೆರೆಯಾಚೆ ಸರಿಸಿದ ಕ್ಷಣ ಛಾಯಾಚಿತ್ರದಲ್ಲಿ ಸೆರೆಯಾಗಿದೆ: ನೆಟ್ಟಗೆ ನಿಂತ ಮೈ, ಹಿಂದಕ್ಕೆ ಮಡಚಿದ ಕಾಲು, ಮುಖದಲ್ಲಿ ಯಾವ ಕೋಪವೂ ಇಲ್ಲ. ಅಂಥ ಬೊಬ್ಬೆಯ ನಡುವೆ ಆಡಿ ಲೀಗ್ ಗೆಲ್ಲಿಸಿದ ಆ ಋತುವಿಗೆ ಬರಹಗಾರರು ತೋರಿದ ಮನ್ನಣೆ ಸರಿಯಾದದ್ದೇ. 1990ರಲ್ಲಿ ಅವರು ಎರಡನೇ ಸಲ ಗೆದ್ದರು.

ಟ್ರೌಟ್‌ಮನ್ ಬಳಿಕ ಹೊರದೇಶದ ಇನ್ನೊಬ್ಬ ಆಟಗಾರ ಬರಲು 25 ವರ್ಷ ಹಿಡಿಯಿತು. 1981ರಲ್ಲಿ ಗೆದ್ದ ಇಪ್ಸ್‌ವಿಚ್‌ನ ಫ್ರಾನ್ಸ್ ಥೈಸೆನ್ ಡಚ್ಚರು. 1992ರಲ್ಲಿ ಪ್ರೀಮಿಯರ್ ಲೀಗ್ ಬಂದು, ದೂರದರ್ಶನದ ಹಣ ಹರಿದು, ಯುರೋಪಿನ ದೊಡ್ಡ ಹೆಸರುಗಳು ಇಂಗ್ಲೆಂಡಿಗೆ ಬರತೊಡಗಿದ ಮೇಲೆ ಕಟ್ಟೆ ಒಡೆಯಿತು. 1995ರಿಂದ 1999ರವರೆಗೆ ಸತತ ಐದು ವರ್ಷ ಕ್ಲಿನ್ಸ್‌ಮನ್, ಕ್ಯಾಂಟೊನಾ, ಜೋಲಾ, ಬರ್ಗ್‌ಕ್ಯಾಂಪ್, ಜಿನೋಲಾ. 1994ರ ಅಲನ್ ಶಿಯರರ್ ನಂತರ ಮತ್ತೊಬ್ಬ ಇಂಗ್ಲಿಷ್ ಆಟಗಾರ ಬಂದದ್ದು 2001ರಲ್ಲಿ, ಟೆಡ್ಡಿ ಶೆರಿಂಗ್‌ಹ್ಯಾಮ್. ಆರ್ಸೆನಲ್‌ನ ಫ್ರೆಂಚ್ ಆಟಗಾರ ತಿಯೆರ‍್ರಿ ಆನ್ರಿ 2003, 2004 ಮತ್ತು 2006ರಲ್ಲಿ ಗೆದ್ದು, ಮೂರು ಸಲ ಪಡೆದ ಮೊದಲಿಗರಾದರು. ಮುಂದಿನ ಎರಡು ವರ್ಷ ಕ್ರಿಸ್ಟಿಯಾನೊ ರೊನಾಲ್ಡೊ.

ಬಕನ್ ಹಾಕಿಕೊಟ್ಟ ನುಡಿ–ನಡೆಯ ಅಳತೆಗೆ ಕಠಿಣ ಪರೀಕ್ಷೆ ಬಂದದ್ದು 1996ರಲ್ಲಿ. ಹಿಂದಿನ ವರ್ಷದ ಜನವರಿ 25ರಂದು ಎರಿಕ್ ಕ್ಯಾಂಟೊನಾ, ತನ್ನನ್ನು ನಿಂದಿಸಿದ ಪ್ರೇಕ್ಷಕನ ಮೇಲೆ ಬೇಲಿ ದಾಟಿ ಹಾರಿ ಒದ್ದಿದ್ದರು. ಸೆಪ್ಟೆಂಬರ್ ಕೊನೆಯವರೆಗೆ ನಿಷೇಧ, ಜೊತೆಗೆ 120 ತಾಸುಗಳ ಸಮಾಜಸೇವೆಯ ಶಿಕ್ಷೆ. ಅಕ್ಟೋಬರ್‌ನಲ್ಲಿ ಮರಳಿ ಬಂದ ಕ್ಯಾಂಟೊನಾ ಯುವ ಆಟಗಾರರೇ ತುಂಬಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಲೀಗ್ ಪ್ರಶಸ್ತಿಯತ್ತ ಎಳೆದೊಯ್ದರು. ಬರಹಗಾರರು ಅವರನ್ನೇ ಆರಿಸಿದರು. ಆ ಕೃತ್ಯವನ್ನು ಮರೆತು ಕೊಟ್ಟದ್ದಲ್ಲ. ಅದರ ನಂತರ ಅವರು ಮೈದಾನದಲ್ಲಿ ತಮ್ಮನ್ನು ತಾವು ಹಿಡಿದಿಟ್ಟುಕೊಂಡ ಬಗೆಗೆ ಕೊಟ್ಟದ್ದು ಎಂದು ಓದುವುದು ನ್ಯಾಯ. 1978ರಲ್ಲೂ ಹೀಗೆ ಆಗಿತ್ತು: ಸಿಡುಕಿಗೆ ಕುಖ್ಯಾತನಾಗಿದ್ದ ಕೆನ್ನಿ ಬರ್ನ್ಸ್‌ನನ್ನು ಬ್ರಯನ್ ಕ್ಲಫ್ ಫಾರ್ವರ್ಡ್ ಜಾಗದಿಂದ ಡಿಫೆನ್ಸ್‌ಗೆ ತಂದು ನಿಲ್ಲಿಸಿದ ವರ್ಷವೇ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಲೀಗ್ ಗೆದ್ದಿತು, ಬರ್ನ್ಸ್‌ಗೆ ಪ್ರಶಸ್ತಿ ಬಂತು. 2014ರಲ್ಲಿ ಎದುರಾಳಿಯನ್ನು ಕಚ್ಚಿ ಹತ್ತು ಪಂದ್ಯಗಳ ನಿಷೇಧ ಮುಗಿಸಿ ಬಂದ ಲೂಯಿಸ್ ಸುವಾರೆಸ್‌ಗೆ ಕೊಟ್ಟಾಗ ಮಾತ್ರ ಆ ವಾದ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ. ಅಲ್ಲಿ ಗೆದ್ದದ್ದು ಆಟ.

2011ರ ಆಯ್ಕೆ ಹಳೆಯ ಮನೋಧರ್ಮಕ್ಕೆ ಹತ್ತಿರದ್ದು. ಸ್ಕಾಟ್ ಪಾರ್ಕರ್ ಆಡುತ್ತಿದ್ದ ವೆಸ್ಟ್ ಹ್ಯಾಮ್ ಆ ವರ್ಷ ಲೀಗಿನ ಕಟ್ಟಕಡೆಯ ಸ್ಥಾನಕ್ಕೆ ಬಿದ್ದು ಕೆಳಗಿನ ಡಿವಿಷನ್‌ಗೆ ಇಳಿಯಿತು. ಮುಳುಗುವ ತಂಡದಲ್ಲಿ ಪ್ರತಿ ವಾರ ಹೋರಾಡಿದ ಒಬ್ಬ ಮಿಡ್‌ಫೀಲ್ಡರ್‌ನನ್ನು ದೇಶದ ಶ್ರೇಷ್ಠ ಎನ್ನಲು ಪ್ರೆಸ್ ಬಾಕ್ಸ್‌ನವರು ಹಿಂದೆಮುಂದೆ ನೋಡಲಿಲ್ಲ. 2016ರಲ್ಲಿ ಜೇಮಿ ವಾರ್ಡಿ ಬಂದರು. ಕೆಲವೇ ವರ್ಷ ಹಿಂದೆ ಕಾರ್ಖಾನೆಯಲ್ಲಿ ದುಡಿಯುತ್ತ ಲೀಗ್ ಹೊರಗಿನ ಕ್ಲಬ್ಬುಗಳಲ್ಲಿ ಆಡುತ್ತಿದ್ದವರು, ಸತತ 11 ಲೀಗ್ ಪಂದ್ಯಗಳಲ್ಲಿ ಗೋಲು ಹೊಡೆದು ಲೆಸ್ಟರ್ ಸಿಟಿಯನ್ನು ಚಾಂಪಿಯನ್ ಮಾಡಿದವರು. ಟೋನಿ ಬುಕ್‌ಗೆ ಮತ ಹಾಕಿದ್ದ ಕೈಗಳ ಮುಂದಿನ ತಲೆಮಾರು ಇದು.

2019ರ ರಹೀಂ ಸ್ಟರ್ಲಿಂಗ್ ಆಯ್ಕೆಯಲ್ಲಿ ಪತ್ರಿಕಾ ಲೋಕ ತನ್ನತ್ತಲೂ ನೋಡಿಕೊಳ್ಳಬೇಕಾಯಿತು. 2018ರ ಡಿಸೆಂಬರ್‌ನಲ್ಲಿ ಚೆಲ್ಸಿ ಮೈದಾನದಲ್ಲಿ ನಿಂದನೆಗೆ ಗುರಿಯಾದ ಸ್ಟರ್ಲಿಂಗ್, ಮರುದಿನ ಇನ್‌ಸ್ಟಾಗ್ರಾಂನಲ್ಲಿ ಎರಡು ಪತ್ರಿಕಾ ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಅವರದೇ ಕ್ಲಬ್ಬಾದ ಮ್ಯಾಂಚೆಸ್ಟರ್ ಸಿಟಿಯ ಇಬ್ಬರು ಎಳೆಯ ಆಟಗಾರರು ತಂತಮ್ಮ ತಾಯಂದಿರಿಗೆ ಮನೆ ಕೊಂಡಿದ್ದರು. ಕಪ್ಪು ಹುಡುಗ ಟೋಸಿನ್ ಅಡರಬಿಯೊ ಬಗ್ಗೆ ಬರೆದ ಸುದ್ದಿಯ ಧ್ವನಿ ಒಂದು, ಬಿಳಿ ಹುಡುಗ ಫಿಲ್ ಫೋಡನ್ ಬಗ್ಗೆ ಬರೆದದ್ದರ ಧ್ವನಿ ಇನ್ನೊಂದು. ಇಂಥ ಬರಹವೇ ಮೈದಾನದ ದ್ವೇಷಕ್ಕೆ ಗೊಬ್ಬರ ಎಂದು ಅವರು ಆಪಾದಿಸಿದರು. ಐದು ತಿಂಗಳೊಳಗೆ ಪತ್ರಕರ್ತರ ಸಂಘದ ಶೇ. 62ರಷ್ಟು ಮತ ಸ್ಟರ್ಲಿಂಗ್‌ಗೆ ಬಿತ್ತು. ತಮ್ಮ ವೃತ್ತಿಯನ್ನೇ ಪ್ರಶ್ನಿಸಿದವನಿಗೆ ವೃತ್ತಿಬಾಂಧವರು ಕೊಟ್ಟ ಈ ಗೌರವ, ಬಕನ್ ಅವರ ಮಾತಿಗೆ ಎಪ್ಪತ್ತು ವರ್ಷಗಳಲ್ಲಿ ಸಿಕ್ಕ ಒಳ್ಳೆಯ ಅರ್ಥಗಳಲ್ಲೊಂದು. ಆ ಸುದ್ದಿಯ ಇನ್ನೊಬ್ಬ ಹುಡುಗ ಫೋಡನ್ 2024ರಲ್ಲಿ ಅದೇ ಪ್ರತಿಮೆ ಪಡೆದರು. ನಡುವೆ 2020ರಲ್ಲಿ, ಕೋವಿಡ್ ಕಾಲದಲ್ಲಿ ಸಹ ಆಟಗಾರರನ್ನು ಒಗ್ಗೂಡಿಸಿ ಆರೋಗ್ಯ ಸೇವೆಗೆ ನೆರವು ಸಂಗ್ರಹಿಸಲು ಮುಂದಾದ ಲಿವರ್‌ಪೂಲ್ ನಾಯಕ ಜೋರ್ಡನ್ ಹೆಂಡರ್ಸನ್ ಗೆದ್ದಿದ್ದರು.

ಮಹಿಳೆಯರಿಗೆ ಈ ಬಾಗಿಲು ತೆರೆದದ್ದು 2018ರಲ್ಲಿ, ಪುರುಷರ ಪ್ರಶಸ್ತಿಗೆ 70 ತುಂಬಿದ ಮೇಲೆ. ತಡವಾಯಿತು ಎಂದು ಸಂಕೋಚವಿಲ್ಲದೆ ಹೇಳಬೇಕು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಕಾರ್ಖಾನೆಯ ಮಹಿಳಾ ತಂಡದ ಆಟ ನೋಡಲು 53,000 ಜನ ಸೇರಿದ್ದರು. ವರ್ಷ ತುಂಬುವುದರೊಳಗೆ, 1921ರ ಡಿಸೆಂಬರ್‌ನಲ್ಲಿ, ಫುಟ್‌ಬಾಲ್ ಅಸೋಸಿಯೇಷನ್ ಈ ಆಟ ಹೆಂಗಸರಿಗೆ ತಕ್ಕುದಲ್ಲ ಎಂದು ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳಲ್ಲಿ ಅವರು ಆಡುವುದನ್ನು ನಿಷೇಧಿಸಿತು. ನಿಷೇಧ ತೆರವಾಗಲು ಅರ್ಧ ಶತಮಾನ ಬೇಕಾಯಿತು. ಪ್ರೆಸ್ ಬಾಕ್ಸ್ ಕೂಡ ಗಂಡಸರದೇ ಆಗಿತ್ತು. ರಾಷ್ಟ್ರಮಟ್ಟದ ಪತ್ರಿಕೆಯೊಂದಕ್ಕೆ ಫುಟ್‌ಬಾಲ್ ಪಂದ್ಯ ವರದಿ ಮಾಡಿದ ಮೊದಲ ಮಹಿಳೆ ಜೂಲಿ ವೆಲ್ಚ್ ‘ಅಬ್ಸರ್ವರ್’ಗೆ ಬರೆದದ್ದು 1973ರಲ್ಲಿ. ಮುಂದೆ ಫುಟ್‌ಬಾಲ್ ಬರಹಗಾರರ ಸಂಘಕ್ಕೇ ಕ್ಯಾರಿ ಬ್ರೌನ್ ಅಧ್ಯಕ್ಷೆಯಾದರು.

ಮಹಿಳಾ ಪ್ರಶಸ್ತಿಯ ಮೊದಲ ವಿಜೇತೆ ಚೆಲ್ಸಿಯ ಫ್ರಾನ್ ಕರ್ಬಿ. ಹದಿನಾಲ್ಕನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡು, ಆಟವನ್ನೇ ಬಿಟ್ಟುಬಿಟ್ಟಿದ್ದು, ಮತ್ತೆ ಹಿಡಿದವರು ಅವರು. ಪ್ರಶಸ್ತಿ ಪಡೆದ ಮರುವರ್ಷ ಹೃದಯದ ಹೊರಪೊರೆಗೆ ಉರಿಯೂತ ತಗಲಿ ಹಾಸಿಗೆ ಹಿಡಿದರು. ಮೆಟ್ಟಿಲು ಹತ್ತುವುದೂ ಕಷ್ಟವಾಗಿತ್ತು. ಚೇತರಿಸಿಕೊಂಡು ಬಂದು 2021ರಲ್ಲಿ ಎರಡನೇ ಸಲ ಗೆದ್ದರು. ನಡುವಿನ ಎರಡು ವರ್ಷ ನಿಕಿತಾ ಪ್ಯಾರಿಸ್ ಮತ್ತು ನೆದರ್‌ಲ್ಯಾಂಡ್ಸ್‌ನ ವಿವಿಯಾನೆ ಮಿಡೆಮಾ. 2022 ಮತ್ತು 2023ರಲ್ಲಿ ಆಸ್ಟ್ರೇಲಿಯಾದ ಸ್ಯಾಮ್ ಕೆರ್. 2024ರಲ್ಲಿ ಜಮೈಕಾದ ಖದೀಜಾ ಶಾ. ಗಂಡಸರ ಪಟ್ಟಿ ಅರ್ಧ ಶತಮಾನದಲ್ಲಿ ಕಂಡ ವೈವಿಧ್ಯವನ್ನು ಹೆಂಗಸರ ಪಟ್ಟಿ ಏಳು ವರ್ಷದಲ್ಲಿ ಕಂಡಿತು.

ಮತದ ಅಂತರದಲ್ಲೂ ಈಚಿನ ವರ್ಷಗಳು ಬೇರೆ. 2018ರಲ್ಲಿ ಈಜಿಪ್ಟಿನ ಮೊಹಮ್ಮದ್ ಸಲಾ ಡಿ ಬ್ರುಯ್ನಾ ಎದುರು ಗೆದ್ದದ್ದು ಇಪ್ಪತ್ತಕ್ಕೂ ಕಡಿಮೆ ಮತಗಳಿಂದ. ಆಫ್ರಿಕಾ ಖಂಡದ ಆಟಗಾರನೊಬ್ಬನಿಗೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು. 2023ರಲ್ಲಿ ಅರ್ಲಿಂಗ್ ಹಾಲೆಂಡ್‌ಗೆ ಶೇ. 82 ಮತ ಬಿತ್ತು. 2025ರಲ್ಲಿ, ಲಿವರ್‌ಪೂಲ್ ಮತ್ತೆ ಲೀಗ್ ಗೆದ್ದಾಗ, ಸಲಾಗೆ ಬಿದ್ದದ್ದು ಶೇ. 90ರ ಹತ್ತಿರ. ಅದು ಅವರ ಮೂರನೇ ಗೆಲುವು. ಆನ್ರಿಯ ದಾಖಲೆಗೆ ಸಮ. ಅದೇ ವರ್ಷ ಮಹಿಳೆಯರ ವಿಭಾಗದಲ್ಲಿ ಆರ್ಸೆನಲ್‌ನ ಅಲೆಸ್ಸಿಯಾ ರುಸ್ಸೊ ಆಯ್ಕೆಯಾದರು, ಮತ್ತು ಮೇ 24ರಂದು ಲಿಸ್ಬನ್‌ನಲ್ಲಿ ಆರ್ಸೆನಲ್ ಬಾರ್ಸಿಲೋನಾವನ್ನು 1–0ರಿಂದ ಮಣಿಸಿ ಮಹಿಳೆಯರ ಚಾಂಪಿಯನ್ಸ್ ಲೀಗ್ ಗೆದ್ದಾಗ ಅವರು ಆ ತಂಡದ ಮುಂಚೂಣಿಯಲ್ಲಿದ್ದರು.